ಗ್ರಾಮ ಪಂಚಾಯಿತಿಗೆ ನಡತೆ ಸಂಹಿತೆ: ಸಂಬಂಧಿಕರ ಗುತ್ತಿಗೆ, ಉಡುಗೊರೆ, ಡಾಂಗಲ್ ಬಗ್ಗೆ ಏನು ಬರೆಯಬೇಕು?

ಕರಡು_ಬರಹ (ಪ್ರಶ್ನೆ)

ನಮ್ಮ ಗ್ರಾಮ ಪಂಚಾಯಿತಿಯ ಸದಸ್ಯರಿಗೂ ಸಿಬ್ಬಂದಿಗೂ ಸೇರಿ ಒಂದು ನಡತೆ ಸಂಹಿತೆ ಬರೆದು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿಸಬೇಕೆಂಬ ಮಾತು ನಡೆದಿದೆ. ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಕೈಗೆ ಸಿಕ್ಕ ಮಾದರಿಗಳಲ್ಲೆಲ್ಲ "ಪ್ರಾಮಾಣಿಕವಾಗಿರತಕ್ಕದ್ದು, ನಿಷ್ಪಕ್ಷಪಾತವಾಗಿರತಕ್ಕದ್ದು" ಎಂಬ ಸಾಲುಗಳೇ ತುಂಬಿವೆ. ಇವನ್ನು ಓದಿ ಯಾರೂ ಏನನ್ನೂ ಬಿಡುವುದಿಲ್ಲ, ಏನನ್ನೂ ಮಾಡುವುದೂ ಇಲ್ಲ.

ತಿಳಿಯಬೇಕಾದದ್ದು ಇಷ್ಟು. ಸದಸ್ಯರಿಗೂ ಪಿಡಿಒಗೂ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಒಂದೇ ಸಂಹಿತೆ ಸಾಕೇ? ಸದಸ್ಯರ ಅಣ್ಣ ಬೀದಿದೀಪ ಪೂರೈಸಲು ದರಪಟ್ಟಿ ಕೊಟ್ಟರೆ ಅದು ತಪ್ಪೇ, ತಪ್ಪಾದರೆ ಯಾರದು? ಗುತ್ತಿಗೆದಾರರಿಂದ ಹಬ್ಬಕ್ಕೆ, ಜಾತ್ರೆಗೆ ಬರುವುದನ್ನು ಏನು ಮಾಡಬೇಕು? ಸಂಹಿತೆ ಮುರಿದವರಿಗೆ ಪಂಚಾಯಿತಿಯೇ ದಂಡ ಹಾಕಬಹುದೇ?

---

ಠರಾವು_ನಡವಳಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಕರಡು ಕೆಡುವುದೇ ಅಲ್ಲಿ.

ಪಂಚಾಯಿತಿಯ ಠರಾವಿನಿಂದ ಹೊಸ ಶಿಕ್ಷೆ ಹುಟ್ಟುವುದಿಲ್ಲ. "ಸಂಹಿತೆ ಮುರಿದ ಸದಸ್ಯರನ್ನು ಮೂರು ಸಭೆಗಳಿಂದ ಹೊರಗಿಡತಕ್ಕದ್ದು" ಎಂದು ಬರೆದರೆ ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಜಿಲ್ಲಾ ಪಂಚಾಯಿತಿ ಸಿಇಒಗೆ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ದೂರು ಹೋದರೆ ಠರಾವಿಗೇ ತಡೆ ಬೀಳುತ್ತದೆ. ಸದಸ್ಯರನ್ನು ತೆಗೆಯುವ ದಾರಿ 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಸೆಕ್ಷನ್ 12 ಅನರ್ಹತೆಗಳನ್ನು ಹೇಳುತ್ತದೆ, 43ಎ ದುರ್ನಡತೆಗಾಗಿ ಸದಸ್ಯರನ್ನು ತೆಗೆಯುವುದನ್ನು, 48 ಅಧ್ಯಕ್ಷ ಉಪಾಧ್ಯಕ್ಷರನ್ನು ತೆಗೆಯುವುದನ್ನು. ತೆಗೆಯುವ ಅಧಿಕಾರ ಸರ್ಕಾರದ್ದು, ಅದೂ ನೋಟಿಸು ಕೊಟ್ಟು, ಅಹವಾಲು ಕೇಳಿ, ವಿಚಾರಣೆ ಮಾಡಿದ ಮೇಲೆ. ಆದರೆ 43ಎ ಅಡಿ ಪಂಚಾಯಿತಿಯೇ ಶಿಫಾರಸು ಮಾಡಬಹುದು. ನಿಮ್ಮ ಸಂಹಿತೆಗೆ ಹಲ್ಲು ಬರುವುದು ಇಲ್ಲಿಂದ: "ಈ ನಿಯಮ ಮುರಿದದ್ದು ಕಂಡುಬಂದರೆ ದಾಖಲೆ ಸಮೇತ ಕಾರ್ಯನಿರ್ವಾಹಕ ಅಧಿಕಾರಿಗಳ ಮೂಲಕ ವರದಿ ಮಾಡಲಾಗುವುದು" ಎಂದು ಬರೆಯಿರಿ. ದಂಡದ ಮಾತು ಬೇಡ.

ಹಾಗಾದರೆ ಸಂಹಿತೆ ಯಾಕೆ ಬೇಕು? ದುರ್ನಡತೆ ಎಂದು ಆಮೇಲೆ ಸಾಬೀತು ಮಾಡುವಾಗ "ನನಗೆ ಗೊತ್ತಿರಲಿಲ್ಲ", "ಯಾರೂ ಕೇಳಲಿಲ್ಲ" ಎಂಬ ಎರಡು ಉತ್ತರಗಳು ಯಾವಾಗಲೂ ಬರುತ್ತವೆ. ಆ ಎರಡನ್ನೂ ಮುಚ್ಚುವುದಷ್ಟೇ ಒಳ್ಳೆಯ ಸಂಹಿತೆಯ ಕೆಲಸ.

ಒಂದೇ ಸಂಹಿತೆ ಸಾಕೇ ಎಂದರೆ, ಹಾಳೆ ಒಂದೇ ಇರಲಿ, ಭಾಗ ಎರಡಿರಲಿ. ಪಿಡಿಒ, ಕಾರ್ಯದರ್ಶಿ, ದ್ವಿತೀಯ ದರ್ಜೆ ಲೆಕ್ಕ ಸಹಾಯಕರು ಸರ್ಕಾರಿ ನೌಕರರು. ಅವರಿಗೆ 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು ಈಗಾಗಲೇ ಇವೆ. ವಾರ್ಷಿಕ ಆಸ್ತಿ ವಿವರ, ಉಡುಗೊರೆ, ಖಾಸಗಿ ವ್ಯಾಪಾರ ಎಲ್ಲವೂ ಅಲ್ಲಿ ಬರುತ್ತದೆ. ಅದನ್ನೇ ನಿಮ್ಮ ಮಾತಿನಲ್ಲಿ ಮತ್ತೆ ಬರೆಯಲು ಹೋಗಬೇಡಿ, ಅರ್ಥ ಸ್ವಲ್ಪ ಸರಿದರೂ ವಕೀಲರಿಗೆ ಹಬ್ಬ. "ಸದರಿ ನಿಯಮಗಳಿಗೆ ಹೆಚ್ಚುವರಿಯಾಗಿ" ಎಂದು ಶುರು ಮಾಡಿ ಪಂಚಾಯಿತಿ ಕಚೇರಿಗೆ ಸಂಬಂಧಿಸಿದ್ದನ್ನು ಮಾತ್ರ ಸೇರಿಸಿ. ಕರ ವಸೂಲಿಗಾರ, ನೀರುಗಂಟಿ, ಡೇಟಾ ಎಂಟ್ರಿ ಆಪರೇಟರ್ ಇವರು ಪಂಚಾಯಿತಿ ಸಿಬ್ಬಂದಿ. ಇವರ ಹೆಸರು ಸಂಹಿತೆಯಲ್ಲಿ ಬರದೇ ಹೋಗುವುದೇ ಹೆಚ್ಚು, ಜನರ ಕೈಗೆ ದಿನವೂ ಸಿಗುವವರು ಮಾತ್ರ ಇವರೇ. ಚುನಾಯಿತರಿರಲಿ, ನೌಕರರಿರಲಿ, 1988ರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ ಕಣ್ಣಲ್ಲಿ ಎಲ್ಲರೂ ಸಾರ್ವಜನಿಕ ಸೇವಕರೇ.

ಈಗ ಅಣ್ಣನ ದರಪಟ್ಟಿ. ಪಂಚಾಯಿತಿಯ ಕೆಲಸದಲ್ಲಿ ಅಥವಾ ಗುತ್ತಿಗೆಯಲ್ಲಿ ಸದಸ್ಯರು ತಾವಾಗಿಯೋ ಪಾಲುದಾರರ ಮೂಲಕವೋ, ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಹೊಂದಿದ್ದರೆ ಅದು ಅನರ್ಹತೆ. ಅಣ್ಣ ಎಂಬ ಒಂದೇ ಕಾರಣಕ್ಕೆ ಸದಸ್ಯತ್ವ ಹೋಗುವುದಿಲ್ಲ. "ಪರೋಕ್ಷವಾಗಿ" ಎಂಬಲ್ಲೇ ಜಗಳ ಹತ್ತುವುದು. ಹೀಗೆ ನೋಡಿ: ಇಬ್ಬರದೂ ಕೂಡು ಕುಟುಂಬವೇ? ಇಎಂಡಿ (ದರಪಟ್ಟಿ ಜೊತೆ ಇಡುವ ಮುಂಗಡ ಠೇವಣಿ) ಹಣ ಯಾರ ಖಾತೆಯಿಂದ ಹೋಯಿತು? ಅಂಗಡಿಯ ಜಿಎಸ್‌ಟಿ ನೋಂದಣಿಯ ವಿಳಾಸ ಸದಸ್ಯರ ಮನೆಯದೇ? ಅಣ್ಣನ ವ್ಯಾಪಾರದ ಸಾಲಕ್ಕೆ ಸದಸ್ಯರು ಜಾಮೀನು ನಿಂತಿದ್ದಾರೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದರೂ ದರಪಟ್ಟಿ ಹಾಕದಿರುವುದೇ ಕ್ಷೇಮ. ಎಲ್ಲಕ್ಕೂ ಇಲ್ಲ ಎಂದಾದರೆ ಅಣ್ಣ ಹಾಕಬಹುದು, ಸದಸ್ಯರು ಮಾತ್ರ ಆ ವಿಷಯದಿಂದ ಪೂರ್ತಿ ದೂರ ಇರಬೇಕು.

ದೂರ ಇರುವುದೆಂದರೆ ಕೈ ಎತ್ತದೆ ಕೂತಿರುವುದಲ್ಲ. ಹಣಕಾಸಿನ ಹಿತಾಸಕ್ತಿ ಇರುವ ವಿಷಯದಲ್ಲಿ ಚರ್ಚೆಗೂ ಇಳಿಯಬಾರದು, ಮತವನ್ನೂ ಹಾಕಬಾರದು. ಎದುರಿಗೇ ಕೂತಿದ್ದರೆ ಉಳಿದವರು ಬಾಯಿ ಬಿಡುವುದಿಲ್ಲ, ಹಾಗಾಗಿ ಕೋಣೆಯಿಂದ ಹೊರಗೆ ಹೋಗುವುದನ್ನೇ ನಿಯಮ ಮಾಡಿ. ನಡವಳಿಯಲ್ಲಿ ಹೀಗೆ ಬರಲಿ:

"ವಿಷಯ 4: ಎಲ್‌ಇಡಿ ಬೀದಿದೀಪ ಖರೀದಿ. ವಿಷಯ ಕೈಗೆತ್ತಿಕೊಳ್ಳುವ ಮೊದಲು ಸದಸ್ಯರಾದ ಶ್ರೀ ______ ಇವರು, ದರಪಟ್ಟಿ ಸಲ್ಲಿಸಿರುವ ಸಂಸ್ಥೆಯೊಂದು ತಮ್ಮ ಸಹೋದರರದೆಂದು ಸಭೆಗೆ ತಿಳಿಸಿ 11.40ಕ್ಕೆ ಹೊರನಡೆದರು. ಉಳಿದ ಸದಸ್ಯರು ಚರ್ಚಿಸಿ ತೀರ್ಮಾನಿಸಿದರು. ಸದರಿಯವರು 12.05ಕ್ಕೆ ವಿಷಯ 5ರ ಚರ್ಚೆಗೆ ಮರಳಿದರು."

ಸಮಯ ಬರೆಯದಿದ್ದರೆ ಇದೆಲ್ಲ ವ್ಯರ್ಥ. ಹಾಜರಿ ಪುಸ್ತಕದ ಸಹಿ ಇಡೀ ಸಭೆಗೆ ಅನ್ವಯಿಸುತ್ತದೆ, ಕಾಗದದ ಮೇಲೆ ಅವರು ಉದ್ದಕ್ಕೂ ಅಲ್ಲೇ ಇದ್ದಂತೆ. ಇನ್ನೂ ದೊಡ್ಡ ರೋಗ ಬೇರೆ ಇದೆ: ನಡವಳಿ ಪುಸ್ತಕದ ಖಾಲಿ ಪುಟಕ್ಕೆ ಎಲ್ಲರ ಸಹಿ ಹಾಕಿಸಿಕೊಂಡು ವಾರದ ನಂತರ ತುಂಬುವುದು. "ಸಭೆ ಮುಗಿಯುವ ಮೊದಲೇ ತೀರ್ಮಾನಗಳನ್ನು ಬರೆದು, ಓದಿ ಹೇಳಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ಸಹಿ ಪಡೆಯತಕ್ಕದ್ದು" ಎಂಬ ಒಂದು ಸಾಲು ನಿಮ್ಮ ಮಾದರಿಗಳ ಇಪ್ಪತ್ತು ಸಾಲುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

---

ಲೆಕ್ಕಪತ್ರ_ಕಣ್ಣು

ಮೇಲಿನವರು ಸಭೆಯ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಆದರೆ ಹಿತಾಸಕ್ತಿ ಹೆಚ್ಚಾಗಿ ಸಭೆಯಲ್ಲಿ ಸಿಕ್ಕಿಬೀಳುವುದಿಲ್ಲ, ಬಿಲ್ಲಿನಲ್ಲಿ ಸಿಕ್ಕಿಬೀಳುತ್ತದೆ. ಕರಡಿನ ಎರಡನೇ ಭಾಗ ಪೂರ್ತಿ ಹಣ ಪಾವತಿಯ ಮೇಲಿರಲಿ.

ಮೊದಲನೆಯದು ತುಂಡು ಗುತ್ತಿಗೆ. ಒಂದೇ ರಸ್ತೆಯ ಚರಂಡಿಯನ್ನು "ರಾಮಯ್ಯನ ಮನೆಯಿಂದ ಬಾವಿಯವರೆಗೆ", "ಬಾವಿಯಿಂದ ಶಾಲೆಯವರೆಗೆ" ಎಂದು ಸೀಳಿ, ಪ್ರತಿ ತುಂಡೂ ಟೆಂಡರ್ ಮಿತಿಯ ಕೆಳಗೆ ಬರುವಂತೆ ಅಂದಾಜು ಪಟ್ಟಿ ಮಾಡಿಸುವುದು. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ (ಕೆಟಿಪಿಪಿ) ಸ್ಥಳೀಯ ಸಂಸ್ಥೆಗಳಿಗೂ ಅನ್ವಯ. ಲೆಕ್ಕ ಪರಿಶೋಧನೆಯಲ್ಲಿ ಇದನ್ನು ಹಿಡಿಯುವುದು ಕಷ್ಟವೇ ಅಲ್ಲ: ಒಂದೇ ತಿಂಗಳು, ಒಂದೇ ಗುತ್ತಿಗೆದಾರ, ಅಕ್ಕಪಕ್ಕದ ಜಾಗ, ಮಿತಿಗಿಂತ ಚೂರು ಕಡಿಮೆ ಮೊತ್ತ. "ಒಂದೇ ಸ್ಥಳದ ಒಂದೇ ಬಗೆಯ ಕೆಲಸಗಳನ್ನು ಆರ್ಥಿಕ ವರ್ಷದಲ್ಲಿ ಒಟ್ಟುಗೂಡಿಸಿಯೇ ಅಂದಾಜು ಮಾಡತಕ್ಕದ್ದು, ಬೇರ್ಪಡಿಸಿದರೆ ಕಾರಣವನ್ನು ಠರಾವಿನಲ್ಲೇ ಬರೆಯತಕ್ಕದ್ದು" ಎಂದು ಹಾಕಿ.

ಎರಡನೆಯದು ಮೂರು ದರಪಟ್ಟಿಯ ನಾಟಕ. ಮೂರೂ ಒಂದೇ ಪ್ರಿಂಟರಿನಿಂದ ಬಂದಿರುತ್ತವೆ, ಒಂದೇ ಕಾಗುಣಿತ ತಪ್ಪು ಮೂರರಲ್ಲೂ ಇರುತ್ತದೆ, ಒಂದರ ಜಿಎಸ್‌ಟಿ ನೋಂದಣಿ ಎಂದೋ ರದ್ದಾಗಿರುತ್ತದೆ. ಜಿಎಸ್‌ಟಿ ಸಂಖ್ಯೆಯನ್ನು ಪೋರ್ಟಲ್‌ನಲ್ಲಿ ಹಾಕಿ ನೋಡಲು ಎರಡು ನಿಮಿಷ ಸಾಕು, ಮಾಲೀಕರ ಹೆಸರು, ವಿಳಾಸ, ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಆ ಪುಟದ ಮುದ್ರಿತ ಪ್ರತಿ ಕಡತದಲ್ಲಿ ಇರಲೇಬೇಕೆಂದು ಬರೆಯಿರಿ. ಅಣ್ಣನ ಪ್ರಶ್ನೆಯೂ ಅಲ್ಲೇ ಬಯಲಾಗುತ್ತದೆ.

ಮೂರನೆಯದು ಸರಕು. ನಲವತ್ತು ದೀಪ ಬಂದವೆಂದು ಬಿಲ್ಲಿದ್ದರೆ ದಾಸ್ತಾನು ವಹಿಯಲ್ಲಿ ನಲವತ್ತರ ಜಮೆ ಇರಬೇಕು, ಖರ್ಚಿನ ಕಡೆ ಯಾವ ಕಂಬಕ್ಕೆ ಯಾವ ದಿನ ಎಂದು ನಲವತ್ತು ನಮೂದು ಇರಬೇಕು, ತೆಗೆದ ಹಳೆಯ ದೀಪಗಳ ಲೆಕ್ಕವೂ ಇರಬೇಕು. ಹಳೆಯ ಸಾಮಾನನ್ನು ಯಾರೂ ಕೇಳುವುದಿಲ್ಲ, ಅದಕ್ಕೇ ಅದು ಮನೆ ಸೇರುವುದು. ಕಾಮಗಾರಿಯಾದರೆ ಅಳತೆ ಪುಸ್ತಕದ ದಿನಾಂಕವನ್ನು ಬಿಲ್ಲಿನ ದಿನಾಂಕದ ಜೊತೆ ಇಟ್ಟು ನೋಡಿ. ಬಿಲ್ಲು ಮೊದಲು, ಅಳತೆ ಆಮೇಲೆ ಎಂದಿದ್ದರೆ ಎಂಜಿನಿಯರು ಜಾಗಕ್ಕೇ ಹೋಗಿಲ್ಲ.

ಕೊನೆಯದಾಗಿ ಡಾಂಗಲ್, ಅಂದರೆ ಡಿಜಿಟಲ್ ಸಹಿಯ ಕೀ ಇರುವ, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ. ನನ್ನ ಮಟ್ಟಿಗೆ ಇವತ್ತಿನ ಪಂಚಾಯಿತಿ ಸಂಹಿತೆಯ ಅತಿ ಮುಖ್ಯ ಕಲಮು ಇದೇ. ಹಿಂದೆ ಚೆಕ್ಕಿಗೆ ಅಧ್ಯಕ್ಷರದೂ ಪಿಡಿಒ ಅವರದೂ ಜಂಟಿ ಸಹಿ ಬೇಕಾಗುತ್ತಿತ್ತು. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲಿ ಎಂದೇ ಎರಡು ಸಹಿ. ಈಗ ಪಾವತಿಗೆ ಇಬ್ಬರ ಡಿಜಿಟಲ್ ಸಹಿಯ ಕೀ ಬೇಕು. ಎರಡೂ ಡಾಂಗಲ್ ಆಪರೇಟರ್ ಮೇಜಿನ ಡ್ರಾಯರಿನಲ್ಲಿ, ಎರಡರ ಪಿನ್ ಸಂಖ್ಯೆ ಮಾನಿಟರಿಗೆ ಅಂಟಿಸಿದ ಚೀಟಿಯಲ್ಲಿ. ಅಲ್ಲಿಗೆ ಎರಡು ಸಹಿ ಒಂದೇ ಬೆರಳಾಯಿತು. 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 42ರ ಪ್ರಕಾರ ಖಾಸಗಿ ಕೀ ತನ್ನ ಹತೋಟಿಯಲ್ಲೇ ಇರುವಂತೆ ನೋಡಿಕೊಳ್ಳುವುದು ಅದರ ಒಡೆಯನ ಕರ್ತವ್ಯ. ಹತೋಟಿ ತಪ್ಪಿದರೆ ತಡಮಾಡದೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಿಳಿಸಬೇಕು. "ಆಪರೇಟರ್ ಮಾಡಿದ, ನನಗೆ ಗೊತ್ತಿಲ್ಲ" ಎಂಬ ಅಧ್ಯಕ್ಷರ ಮಾತಿಗೆ ಬೆಲೆ ಇಲ್ಲದಿರುವುದು ಇದಕ್ಕೇ. ಬರೆಯಬೇಕಾದದ್ದು: ಡಾಂಗಲ್ ಅವರವರ ಬಳಿಯೇ ಇರತಕ್ಕದ್ದು, ಪಿನ್ ಯಾರಿಗೂ ಹೇಳಬಾರದು, ಒಟಿಪಿ ಬರುವ ಮೊಬೈಲ್ ಅವರದೇ ಆಗಿರಬೇಕು, ಪಾವತಿ ಮಾಡಿದ ದಿನ ಪಟ್ಟಿ ಮುದ್ರಿಸಿ ಇಬ್ಬರೂ ಶಾಯಿಯಲ್ಲಿ ಸಹಿ ಮಾಡಬೇಕು, ಅಧಿಕಾರ ಬಿಟ್ಟ ದಿನವೇ ಕೀ ರದ್ದಾಗಬೇಕು.

---

ಬಾವಿಕಟ್ಟೆ

ಡಾಂಗಲ್ ಮಾತು ಬಂದಿದ್ದರಿಂದ ಒಂದು ಸೇರಿಸುತ್ತೇನೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಅಧ್ಯಕ್ಷೆಯ ಡಾಂಗಲ್ ಗಂಡನ ಜೇಬಿನಲ್ಲಿ, ಅಧ್ಯಕ್ಷೆಯ ಕುರ್ಚಿಯ ಪಕ್ಕ ಗಂಡನ ಕುರ್ಚಿ. ಸಭೆಗಳಲ್ಲಿ ಗಂಡಂದಿರು, ಸಂಬಂಧಿಕರು ತಲೆ ಹಾಕಬಾರದೆಂದು ಇಲಾಖೆಯ ಸುತ್ತೋಲೆಗಳಿವೆ. ಆದರೂ ಪಿಡಿಒಗಳು "ಸರ್ ಏನಂತಾರೆ" ಎಂದು ಗಂಡನನ್ನೇ ಕೇಳುವುದು ನಿಂತಿಲ್ಲ.

ಸಂಹಿತೆಯಲ್ಲಿ ಗಂಡನಿಗೆ ನಿಯಮ ಹಾಕಲು ಆಗುವುದಿಲ್ಲ, ಅವನು ಪಂಚಾಯಿತಿಯ ಯಾರೂ ಅಲ್ಲ. ನಿಯಮ ಹಾಕಬೇಕಾದದ್ದು ಸಿಬ್ಬಂದಿಗೆ: ಸದಸ್ಯರಲ್ಲದವರಿಗೆ ಕಡತ ತೋರಿಸಬಾರದು, ಅವರ ಫೋನಿನ ಮೇಲೆ ಸೂಚನೆ ಪಡೆಯಬಾರದು, ಮನೆಗೆ ಕಡತ ಕಳಿಸಿ ಸಹಿ ತರಿಸಬಾರದು. ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಸದಸ್ಯೆಯ ನಂಬರೇ ಇರಬೇಕು. ಎಷ್ಟೋ ಕಡೆ ಗುಂಪಿನಲ್ಲಿರುವುದು ಗಂಡನ ನಂಬರು, ಸಭೆಯ ನೋಟಿಸು ಆಕೆಗೆ ತಲುಪುವುದೇ ಇಲ್ಲ.

---

ಕರಡು_ಬರಹ

ಬಹಳ ಉಪಯೋಗವಾಯಿತು. ಉಡುಗೊರೆ, ಜಾತ್ರೆ ಚಂದಾ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು: ಅಧ್ಯಕ್ಷರದೇ ಹಿತಾಸಕ್ತಿ ಇದ್ದರೆ ಸಭೆ ನಡೆಸುವವರು ಯಾರು?

---

ಠರಾವು_ನಡವಳಿ

ಆ ವಿಷಯ ಬಂದಾಗ ಅಧ್ಯಕ್ಷರು ಕುರ್ಚಿ ಬಿಟ್ಟು ಹೊರಗೆ ಹೋಗಲಿ, ಉಪಾಧ್ಯಕ್ಷರು ನಡೆಸಲಿ. ಅವರಿಗೂ ಹಿತಾಸಕ್ತಿ ಇದ್ದರೆ ಹಾಜರಿರುವ ಸದಸ್ಯರಲ್ಲಿ ಒಬ್ಬರನ್ನು ಆ ಒಂದು ವಿಷಯಕ್ಕೆ ಆರಿಸಿಕೊಳ್ಳಿ. ಹೊರಗೆ ಹೋದವರನ್ನು ಬಿಟ್ಟು ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಸಾಲದಿದ್ದರೆ ವಿಷಯ ಮುಂದಕ್ಕೆ ಹಾಕಿ. ಎಳೆದುಕೊಂಡು ಬಂದು ಕೂರಿಸಿ ಪಾಸು ಮಾಡಿದ ಠರಾವು ಆಮೇಲೆ ಎಲ್ಲರ ಕುತ್ತಿಗೆಗೆ ಬರುತ್ತದೆ.

ಇದು ಸುಸೂತ್ರ ಆಗಬೇಕಾದರೆ ಹಿತಾಸಕ್ತಿ ವಹಿ ಒಂದು ಬೇಕು. ಪ್ರತಿ ಸದಸ್ಯರಿಗೂ ಒಂದು ಪುಟ: ಕುಟುಂಬದವರ ವ್ಯಾಪಾರ, ಪಂಚಾಯಿತಿ ವ್ಯಾಪ್ತಿಯ ಜಮೀನು ಮತ್ತು ನಿವೇಶನಗಳ ಸರ್ವೆ ಅಥವಾ ಆಸ್ತಿ ಸಂಖ್ಯೆ, ಸದಸ್ಯರಾಗಿರುವ ಸಹಕಾರ ಸಂಘ, ಟ್ರಸ್ಟು. ಲೇಔಟ್ ಅನುಮೋದನೆ, ರಸ್ತೆ ಅಗಲೀಕರಣ ಬಂದಾಗ ಈ ಜಮೀನಿನ ಪಟ್ಟಿಯೇ ಕೆಲಸಕ್ಕೆ ಬರುವುದು. ಇಂಗ್ಲೆಂಡಿನಲ್ಲಿ 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಕೌನ್ಸಿಲರುಗಳು 28 ದಿನದೊಳಗೆ ಇಂಥ ವಿವರ ಬರೆಸಬೇಕು, ಸಕಾರಣವಿಲ್ಲದೆ ಬಿಟ್ಟರೆ ಅಪರಾಧ. ನಮ್ಮಲ್ಲೂ ಮಹಾನಗರ ಪಾಲಿಕೆ ಸದಸ್ಯರಿಗೆ 1976ರ ಪಾಲಿಕೆ ಕಾಯ್ದೆಯ ಸೆಕ್ಷನ್ 19 ಇದೆ: ಅವಧಿ ಶುರುವಾದ ಒಂದು ತಿಂಗಳೊಳಗೆ, ಮುಂದೆ ಪ್ರತಿ ವರ್ಷ, ಆಸ್ತಿ ಘೋಷಣೆ. ನಿಮ್ಮ ವಹಿಯನ್ನು ಠರಾವಿನ ಮೂಲಕ ಸ್ವಇಚ್ಛೆಯಿಂದ ಇಡಬಹುದು. ವಾರ್ಡಿನ ಯಾರು ಬೇಕಾದರೂ ಕಚೇರಿ ಸಮಯದಲ್ಲಿ ನೋಡಬಹುದೆಂದೂ ಬರೆಯಿರಿ. ಬೀರುವಿನೊಳಗಿನ ವಹಿಯಿಂದ ಪ್ರಯೋಜನವಿಲ್ಲ.

---

ಕಾಯ್ದೆ_ಕಲಮು

ಉಡುಗೊರೆ, ಚಂದಾ ನಾನು ಹೇಳುತ್ತೇನೆ.

ಸನ್ಮಾನದ ಹಾರ, ಶಾಲು, ಪೇಟ, ಹಣ್ಣಿನ ಬುಟ್ಟಿ ತಲೆನೋವಲ್ಲ. ಅದನ್ನು ಯಾರು, ಯಾವಾಗ ಕೊಡುತ್ತಾರೆ ಎಂಬುದು ನೋಡಬೇಕಾದದ್ದು. ಬಿಲ್ಲು ಬಾಕಿ ಇರುವ ಗುತ್ತಿಗೆದಾರ, ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಅರ್ಜಿ ಬಾಕಿ ಇರುವ ನಿವೇಶನದಾರ, ಪರವಾನಗಿ ಕೇಳಿರುವ ಕಲ್ಲು ಕ್ವಾರಿಯವ ಇವರಿಂದ ಏನೂ ಬೇಡ, ದೀಪಾವಳಿಯ ಸಿಹಿ ಡಬ್ಬವೂ ಬೇಡ. ಮೊತ್ತದ ಮಿತಿ ಇಡುವುದಕ್ಕಿಂತ ಹೀಗೆ ಕೊಡುವವರ ಮೇಲೆ ಗೆರೆ ಎಳೆಯುವುದು ಸುಲಭ. "ಇಷ್ಟರವರೆಗೆ ಪರವಾಗಿಲ್ಲ" ಎಂದ ಕೂಡಲೇ ಅದೇ ದರವಾಗುತ್ತದೆ.

ಜಾತ್ರೆ ಚಂದಾ ಇದಕ್ಕಿಂತ ಅಪಾಯದ್ದು. "ನನಗೇನೂ ಬೇಡ, ದೇವಸ್ಥಾನದ ಮೈಕ್‌ಸೆಟ್ಟು ಕೊಡಿಸಿ" ಎಂದು ಗುತ್ತಿಗೆದಾರನಿಗೆ ಹೇಳುವ ಸದಸ್ಯರಿಗೆ ತಾವು ತಪ್ಪು ಮಾಡುತ್ತಿದ್ದೇವೆ ಎಂಬ ಅನುಮಾನವೇ ಇರುವುದಿಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ ಸೆಕ್ಷನ್ 7ರಲ್ಲಿ "ಅನುಚಿತ ಲಾಭ" ಎಂದರೆ ಹಣವೇ ಆಗಬೇಕಿಲ್ಲ, ತನಗೇ ಆಗಬೇಕೆಂದೂ ಇಲ್ಲ. ಹುದ್ದೆ ಬಳಸಿ ಬೇರೆಯವರಿಗೆ ಕೊಡಿಸಿದರೂ ಅದೇ ಸೆಕ್ಷನ್, ಶಿಕ್ಷೆ ಮೂರರಿಂದ ಏಳು ವರ್ಷ. ಹಾಗಾಗಿ ಕಲಮು ಹೀಗಿರಲಿ: ಪಂಚಾಯಿತಿಯ ಜೊತೆ ವ್ಯವಹಾರ ಇರುವವರಿಂದ ಯಾವುದೇ ಸಮಿತಿ, ದೇವಸ್ಥಾನ, ಸಂಘ, ಕ್ರೀಡಾಕೂಟದ ಹೆಸರಿನಲ್ಲೂ ಸದಸ್ಯರು, ಸಿಬ್ಬಂದಿ ಚಂದಾ ಕೇಳತಕ್ಕದ್ದಲ್ಲ. ಸಭೆಯಲ್ಲಿ ಅತಿ ಹೆಚ್ಚು ವಿರೋಧ ಬರುವುದು ಇದಕ್ಕೇ, ತಯಾರಾಗಿ ಹೋಗಿ.

ಸಿಬ್ಬಂದಿಯ ಕಡೆ ಅರ್ಜಿಗಳ ಸರದಿ ಮುಖ್ಯ. ಇ-ಸ್ವತ್ತಿನ ಆಸ್ತಿ ದಾಖಲೆಗಳಾದ ಫಾರಂ 9, 11ಕ್ಕೆ ಬಂದ ಅರ್ಜಿಗಳನ್ನು ಬಂದ ದಿನಾಂಕದ ಕ್ರಮದಲ್ಲೇ ವಿಲೇ ಮಾಡಬೇಕು, ಕ್ರಮ ತಪ್ಪಿಸಿದರೆ ಕಾರಣ ಬರೆಯಬೇಕು. ಲಂಚ ಹುಟ್ಟುವುದು ಅರ್ಜಿ ತಿರಸ್ಕಾರವಾದಾಗಲ್ಲ, ಸುಮ್ಮನೆ ಬಿದ್ದಿರುವಾಗ. ಸಕಾಲದಡಿ (ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ) ಬರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಕೊಡಲೇಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ. ಮೊತ್ತ ಚಿಕ್ಕದು, ಆದರೆ ತಡ ಮಾಡಿದ ಅಧಿಕಾರಿಯಿಂದಲೇ ವಸೂಲಾಗುವಂಥದ್ದು. "ಅರ್ಜಿ ಇಟ್ಟು ಹೋಗಿ, ಆಮೇಲೆ ನಂಬರ್ ಕೊಡ್ತೀವಿ" ಎಂದರೆ ಗಡುವಿನ ಗಡಿಯಾರವೇ ಶುರುವಾಗಿಲ್ಲ ಎಂದರ್ಥ.

---

ಸುಮ್ನಿರಲಾರೆ

ಎಲ್ಲ ಸರಿ ಸ್ವಾಮಿ, ಕಾಗದದ ಮೇಲೆ. ಸಂಹಿತೆ ಬರೆಯುವವರು ಬರೆಯಲಿ, ತಿನ್ನುವವರು ತಿನ್ನುತ್ತಾರೆ. ಲೋಕಾಯುಕ್ತಕ್ಕೆ ಒಂದು ದೂರು ಹಾಕುವುದೇ ನೇರ ದಾರಿ ಅಲ್ವಾ?

---

ಕಾಯ್ದೆ_ಕಲಮು

ನೇರ ದಾರಿಯೇ, ಆದರೆ ಎಲ್ಲದಕ್ಕೂ ಅದೊಂದೇ ಬಾಗಿಲಲ್ಲ. ಯಾವ ದೂರು ಎಲ್ಲಿಗೆ ಎಂದು ಸಂಹಿತೆಯ ಹಿಂಬದಿ ಪುಟದಲ್ಲಿ ಅಚ್ಚು ಹಾಕಿಸುವುದು ಒಳ್ಳೆಯದು.

ಲಂಚ ಕೇಳುತ್ತಿದ್ದಾರೆ, ಇನ್ನೂ ಕೊಟ್ಟಿಲ್ಲ ಎಂದಾದರೆ ಲೋಕಾಯುಕ್ತ ಪೊಲೀಸರು. ಭ್ರಷ್ಟಾಚಾರ ನಿಗ್ರಹ ದಳವನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿದ ಮೇಲೆ ಟ್ರ್ಯಾಪ್ (ಬಲೆ ಬೀಸಿ ಲಂಚ ಪಡೆಯುವಾಗಲೇ ಹಿಡಿಯುವ) ಅಧಿಕಾರ ಅವರದೇ. ಕೊಡುವ ಮೊದಲೇ ಹೋಗಬೇಕು. ಒತ್ತಾಯಕ್ಕೆ ಕೊಟ್ಟುಬಿಟ್ಟಿದ್ದರೆ ಏಳು ದಿನದೊಳಗೆ ತಿಳಿಸಿ. ಭ್ರಷ್ಟಾಚಾರ ನಿಯಂತ್ರಣ ಕಾಯ್ದೆಯ ಸೆಕ್ಷನ್ 8ರಂತೆ ಕೊಟ್ಟವರೂ ಅಪರಾಧಿಗಳು, ಈ ಏಳು ದಿನದ ವಿನಾಯಿತಿ ತಪ್ಪಿದರೆ ದೂರುದಾರರೇ ಸಿಕ್ಕಿಕೊಳ್ಳಬಹುದು. ಲಂಚ ಪಡೆಯುವಾಗಲೇ ಹಿಡಿಯುವುದಕ್ಕೆ ಅದೇ ಕಾಯ್ದೆಯ ಸೆಕ್ಷನ್ 17ಎ ಅಡಿಯ ಪೂರ್ವಾನುಮತಿ ಬೇಡ. ಆದರೆ "ಈ ಠರಾವಿನ ಹಿಂದೆ ಭ್ರಷ್ಟಾಚಾರ ಇದೆ" ಎಂಬಂಥ, ತೀರ್ಮಾನವನ್ನೇ ಪ್ರಶ್ನಿಸುವ ದೂರಿನ ತನಿಖೆಗೆ ಅನುಮತಿ ಬೇಕು, ತಡವಾಗುವುದು ಅಲ್ಲಿ.

ಲೋಕಾಯುಕ್ತಕ್ಕೆ ಲಿಖಿತ ದೂರು ಎಂದರೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ. ಅಹವಾಲಾದರೆ (ಆಡಳಿತದ ಲೋಪದಿಂದ ತಮಗಾದ ತೊಂದರೆ) ವಿಷಯ ಗೊತ್ತಾದ ಆರು ತಿಂಗಳೊಳಗೆ, ಆರೋಪವಾದರೆ (ಭ್ರಷ್ಟಾಚಾರ, ಅಧಿಕಾರ ದುರುಪಯೋಗ) ಕೃತ್ಯ ನಡೆದ ಐದು ವರ್ಷದೊಳಗೆ. ಸುಳ್ಳು ದೂರಿಗೆ ಶಿಕ್ಷೆಯಿದೆ, ಕೇಳಿದ್ದನ್ನು ನೋಡಿದ್ದೆಂದು ಬರೆಯಬೇಡಿ.

ಬಿಲ್ಲು, ಅಳತೆ, ದಾಸ್ತಾನಿನ ತಕರಾರಿಗೆ ಮೊದಲು ದಾಖಲೆ ಕೈಗೆ ಬರಲಿ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. "ಕಳೆದ ಐದು ವರ್ಷದ ಎಲ್ಲ ಕಾಮಗಾರಿ" ಎಂದು ಕೇಳಿದರೆ ತಿರಸ್ಕರಿಸಲು ನೀವೇ ಕಾರಣ ಒದಗಿಸಿದಂತೆ. ಒಂದು ಕಾಮಗಾರಿಯ ಹೆಸರು, ವರ್ಷ ಬರೆದು ಅಂದಾಜು ಪಟ್ಟಿ, ದರಪಟ್ಟಿಗಳು, ಅಳತೆ ಪುಸ್ತಕದ ಪುಟ, ಬಿಲ್ಲು, ಠರಾವಿನ ಪ್ರತಿ ಕೇಳಿ. ಅವು ಸಿಕ್ಕ ಮೇಲೆ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಆಮೇಲೆ ಸಿಇಒ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯುವ ಜಮಾಬಂದಿಯಲ್ಲಿ (ಪಂಚಾಯಿತಿಯ ಲೆಕ್ಕ, ಕಾಮಗಾರಿಗಳ ಬಹಿರಂಗ ಪರಿಶೀಲನೆ) ಇದೇ ಕಾಗದ ಹಿಡಿದು ಎಲ್ಲರೆದುರು ಕೇಳಬಹುದು. ಒಂದೇ ದೂರನ್ನು ಮುಖ್ಯಮಂತ್ರಿಯಿಂದ ಹಿಡಿದು ಪಿಡಿಒವರೆಗೆ ಹನ್ನೆರಡು ಜನಕ್ಕೆ "ಪ್ರತಿಗಳು" ಎಂದು ಕಳಿಸಿದರೆ ಹನ್ನೊಂದು ಜನ ಹನ್ನೆರಡನೆಯವರಿಗೆ ರವಾನಿಸುತ್ತಾರೆ, ಆ ಹನ್ನೆರಡನೆಯವರು ಹೆಚ್ಚಾಗಿ ಯಾರ ಮೇಲೆ ದೂರಿದೆಯೋ ಅವರೇ.

---

ಲೆಕ್ಕಪತ್ರ_ಕಣ್ಣು

ಕರಡು ಕಳಿಸುವ ಮೊದಲು ಪಿಡಿಒ ಪರವಾಗಿ ಒಂದು ಕಲಮು ಸೇರಿಸಿ. ಸಭೆ ಬಹುಮತದಿಂದ ತಪ್ಪು ಠರಾವು ಮಾಡಿದರೆ ಪಿಡಿಒ ಬಾಯಿಮಾತಿನಲ್ಲಿ ಬೇಡವೆಂದು, ಆಮೇಲೆ ಬಿಲ್ಲಿಗೆ ಸಹಿ ಹಾಕುವುದು ಸಾಮಾನ್ಯ. ಲೆಕ್ಕ ಪರಿಶೋಧನೆಯ ಆಕ್ಷೇಪಣೆ ಬಂದಾಗ ವಸೂಲಾತಿ ಪಟ್ಟಿಯಲ್ಲಿ ಅವರ ಹೆಸರೂ ಇರುತ್ತದೆ. ಯಾವ ನಿಯಮಕ್ಕೆ ವಿರುದ್ಧ ಎಂದು ಅದೇ ನಡವಳಿಯಲ್ಲಿ ಭಿನ್ನಾಭಿಪ್ರಾಯ ಟಿಪ್ಪಣಿ ಬರೆದು, ಪ್ರತಿಯನ್ನು ಇಒಗೆ ಕಳಿಸಿ, ಉತ್ತರ ಬರುವವರೆಗೆ ಪಾವತಿ ತಡೆಹಿಡಿಯಲು ಸಂಹಿತೆಯೇ ಅವಕಾಶ ಕೊಡಲಿ. ವಿರೋಧಿಸಿದ ಸದಸ್ಯರಿಗೂ ಇದೇ ಅನ್ವಯ: "ಬಹುಮತದಿಂದ ಅಂಗೀಕರಿಸಲಾಯಿತು" ಎಂದು ಬರೆದರೆ ಸಾಲದು, ವಿರೋಧಿಸಿದವರ ಹೆಸರು ಪುಸ್ತಕದಲ್ಲಿ ಬರಬೇಕು.